ದಾವಣಗೆರೆಯಲ್ಲಿ ಉಳಿದಿದ್ದ ಎರಡು

ದಸ್ತಗೀರ್ ತೀರಿಕೊಂಡು ಒಂದು ತಿಂಗಳಾಗಿತ್ತು. ಜೈತೂನ್ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅತ್ತೆ ಹುಸೇನ್‌ಬಿ ಬಾಗಿಲಿಗೆ ಒರಗಿ ನಿಂತು, ಎಷ್ಟೋ ದಿನದಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಕೊನೆಗೂ ಆಡಿದಳು.

"ಬೇಟಿ, ದಾವಣಗೆರೆಯಾಗೆ ಇನ್ನೂ ಎರಡು ಐದಾವಲ್ಲ?"

ಜೈತೂನ್ ತಲೆ ಎತ್ತಲಿಲ್ಲ. ಆ ಎರಡರ ನೆನಪು ಅವಳಿಗೂ ಬಂದಿತ್ತು. ಗಂಡನ ಮಣ್ಣಾದ ದಿನವೇ ಬಂದಿತ್ತು. ಆದರೆ ಅದನ್ನು ಬೇರೆಯವರ ಬಾಯಿಂದ ಕೇಳಿದ್ದು ಇದೇ ಮೊದಲು.

ಎರಡು ಎಂದರೆ ಎರಡು ಭ್ರೂಣ. ಜೈತೂನ್ ಮತ್ತು ದಸ್ತಗೀರ್ ಇಬ್ಬರಿಂದ ಆದವು. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಸ್ಟೀಲಿನ ಟ್ಯಾಂಕಿನೊಳಗೆ, ಮಂಜುಗಡ್ಡೆಗಿಂತ ಎಷ್ಟೋ ಪಾಲು ಹೆಚ್ಚಿನ ಚಳಿಯಲ್ಲಿ ಅವನ್ನು ಇಟ್ಟಿದ್ದರು.

ಜೈತೂನ್ ಮೊಳಕಾಲ್ಮುರಿನ ಹುಡುಗಿ. ಅವಳಪ್ಪ ಅಲ್ಲಿನ ನೇಕಾರರಿಗೆ ರೇಷ್ಮೆ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದವನು. ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮೂರನ್ನೂ ಬೆರೆಸಿ ಆಡುತ್ತ ಬೆಳೆದಳು. ಪಕ್ಕದ ಮನೆಯ ಗೋವಿಂದಮ್ಮನ ಹತ್ತಿರ ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದನ್ನು ಕಲಿತಳು. ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೂ ಆ ಕೆಲಸ ಬಿಟ್ಟಿರಲಿಲ್ಲ. ಬಸ್ಸಿನಲ್ಲಿ ಸೀರೆಯ ಗಂಟು ಬರುತ್ತಿತ್ತು, ಕುಚ್ಚು ಕಟ್ಟಿಸಿಕೊಂಡು ವಾಪಸ್ಸು ಹೋಗುತ್ತಿತ್ತು.

ದಸ್ತಗೀರ್ ಈರುಳ್ಳಿ ವ್ಯಾಪಾರಿ. ಪರಶುರಾಂಪುರ, ನನ್ನಿವಾಳದ ಕಡೆ ಹೊಲದಲ್ಲೇ ನಿಂತು ಬೆಳೆ ಕೊಂಡು ಲಾರಿ ತುಂಬಿಸುತ್ತಿದ್ದ. ಬಾಯಿಬಡುಕ. ಯಾವ ಊರಿಗೆ ಹೋದರೂ ಅಲ್ಲಿಂದ ಹೆಂಡತಿಗೆ ಫೋನು ಮಾಡಬೇಕು. "ನನ್ನಿವಾಳದಾಗೆ ಇದೀನಿ, ಮಿರ್ಚಿ ತಿಂದೆ, ಚೆನ್ನಾಗಿರಲಿಲ್ಲ" ಎಂದು ಹೇಳಿ ಇಟ್ಟುಬಿಡುವನು. ಹೇಳುವುದಕ್ಕೆ ಬೇರೇನೂ ಇರುತ್ತಿರಲಿಲ್ಲ. ಅವನು ಹೋದ ಮೇಲೆ ಜೈತೂನ್‌ಗೆ ಮನೆಯ ಮೌನಕ್ಕಿಂತ ಈ ಫೋನಿನ ಮೌನವೇ ಹೆಚ್ಚು ಹಿಂಸೆ ಕೊಟ್ಟಿತು.

ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಾಗಲಿಲ್ಲ. ಪರೀಕ್ಷೆ ಮಾಡಿಸಿದಾಗ ಕೊರತೆ ಅವನಲ್ಲಿ ಎಂದು ತಿಳಿಯಿತು. ಆಸ್ಪತ್ರೆಯಿಂದ ಬಂದವನೇ ಚಪ್ಪಲಿ ಕೂಡ ಬಿಡದೆ ತಾಯಿಗೆ ಹೇಳಿದ್ದ: "ಅಮ್ಮಿ, ತೊಂದ್ರೆ ನಂದು. ಇನ್ನು ಮೇಲೆ ಅವಳಿಗೆ ಯಾರೂ ಒಂದು ಮಾತೂ ಅನ್ನಬಾರ್ದು."

ಚಿಕಿತ್ಸೆಗೆ ಹೋಗುವ ಮೊದಲು ಗಂಡಹೆಂಡತಿ ಇಬ್ಬರೂ ಬಡಾವಣೆಯ ಮಸೀದಿಯ ಮೌಲಾನಾ ಅಬ್ದುಲ್ ವದೂದರನ್ನು ಕೇಳಿದ್ದರು. ರಾಯದುರ್ಗದ ಕಡೆಯ ಮೃದು ಮಾತಿನ ಮನುಷ್ಯ. "ಗಂಡಹೆಂಡತಿ ಇಬ್ಬರದೇ ಆಗಿದ್ದು, ನಿಕಾಹ್ ಇರೋವಾಗ್ಲೇ ಆದ್ರೆ ಅಡ್ಡಿ ಇಲ್ಲ. ಮೂರನೆಯವರದು ಏನೂ ಸೇರಬಾರ್ದು, ಅಷ್ಟೇ" ಎಂದಿದ್ದರು ಅವರು. ಹೀಗೆ ಮೂರು ಭ್ರೂಣಗಳಾದವು. ಮೊದಲನೆಯದು ಜೈತೂನಳ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಉಳಿದವನ್ನು ಈರುಳ್ಳಿ ಸುಗ್ಗಿ ಮುಗಿದ ಮೇಲೆ ನೋಡೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದರು.

ಸಹಿ ಹಾಕಿಸಿಕೊಳ್ಳುವಾಗ ಆಸ್ಪತ್ರೆಯ ಡಾಕ್ಟರ್ ಮೇಘಾ ಒಂದು ಪ್ರಶ್ನೆ ಕೇಳಿದ್ದರು. ನಿಮ್ಮಲ್ಲಿ ಒಬ್ಬರಿಗೆ ಏನಾದರೂ ಆದರೆ ಇವನ್ನು ಏನು ಮಾಡಬೇಕು? ದಸ್ತಗೀರ್ ನಕ್ಕಿದ್ದ. "ನಾನು ಹೋದ್ರೆ ಅವಳಿಷ್ಟ ಮೇಡಂ. ಅವಳು ಹೋದ್ರೆ... ಅದನ್ನ ಕೇಳಬೇಡಿ." ಡಾಕ್ಟರು ಅವಳಿಷ್ಟ ಎಂಬುದನ್ನು ಬರೆದುಕೊಂಡರು.

ಸುಗ್ಗಿಯ ನಡುವೆಯೇ ಅವನು ಹೋದ. ಪರಶುರಾಂಪುರದಲ್ಲಿ ಚೀಲಕ್ಕೆ ಒರಗಿ ಚಹಾ ಕುಡಿಯುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದನಂತೆ. ಈರುಳ್ಳಿ ತಂದಿದ್ದ ರೈತ ಕ್ಯಾತಣ್ಣ ತನ್ನ ಟೆಂಪೊದಲ್ಲೇ ಅವನನ್ನು ಮಲಗಿಸಿಕೊಂಡು ಚಳ್ಳಕೆರೆಗೆ ಹೊರಟ. ದಾರಿಯಲ್ಲೇ ಎಲ್ಲ ಮುಗಿದಿತ್ತು.

ಹೆಣ ಮನೆಗೆ ಬಂದಾಗ ಬೀದಿಯ ಹೆಂಗಸರು ಜೈತೂನಳನ್ನು ಒಳಗೆ ಎಳೆದುಕೊಂಡರು. ಗಂಡ ಸತ್ತ ಮೇಲೆ ಹೆಂಡತಿ ಮುಟ್ಟಬಾರದು ಎಂದು ಯಾರೋ ಅಂದರು. ಮೌಲಾನಾ ಕೇಳಿಸಿಕೊಂಡು, "ಹಂಗೇನಿಲ್ಲ. ಇದ್ದತ್ ಮುಗಿಯೋವರೆಗೂ ಹೆಂಡತಿಗೆ ಆ ಸಂಬಂಧ ಇರ್ತೈತೆ. ಅವಳು ನೋಡಬಹುದು, ನೀರೂ ಹಾಕಬಹುದು" ಎಂದು ಹೇಳಿದರು. ಜೈತೂನ್ ಗಂಡನ ಪಾದಕ್ಕೆ ನೀರು ಹಾಕಿದಳು. ಉಗುರಿನ ಸಂದಿಯಲ್ಲಿ ಪರಶುರಾಂಪುರದ ಕೆಂಪು ಮಣ್ಣಿತ್ತು. ಅದನ್ನು ಬೆರಳಿನಿಂದ ಮೆಲ್ಲಗೆ ತೆಗೆದಳು.

ಆಮೇಲೆ ಇದ್ದತ್ ಶುರುವಾಯಿತು. ವಿಧವೆ ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕಾದ ಅವಧಿ ಅದು. ಮೊದಮೊದಲು ಜನ ಬಂದರು, ಅತ್ತರು, ಊಟ ತಂದರು. ನಂತರ ಅವರವರ ಕೆಲಸಕ್ಕೆ ಅವರವರು ಹೋದರು. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ ಉಳಿದರು. ಆಗಲೇ ಹುಸೇನ್‌ಬಿ ಬೆಳ್ಳುಳ್ಳಿಯ ಮುಂದೆ ನಿಂತು ಆ ಮಾತು ತೆಗೆದದ್ದು.

"ಐದಾವೆ ಅಮ್ಮಿ" ಎಂದಳು ಜೈತೂನ್.

"ಮತ್ತೆ ಹೊಟ್ಟೆಯಾಗೆ ಇಡಿಸ್ಕೊಂಡು ಬಿಡೋಣ. ನನ್ನ ಮಗ ಹೋದ, ಅವನ ಕೂಸಾದ್ರೂ ಈ ಮನೆಯಾಗೆ ಓಡಾಡ್ಲಿ."

ಜೈತೂನ್ ದಾವಣಗೆರೆಗೆ ಫೋನು ಮಾಡಿದಳು. ಡಾಕ್ಟರ್ ಮೇಘಾ ಅವರ ಕಡತ ತರಿಸಿ ನೋಡಿದರು. ನಂತರ, "ಕಾನೂನು ಅಡ್ಡ ಬರಲ್ಲಮ್ಮ. ಅವರ ಒಪ್ಪಿಗೆ ಇದೆ. ಮೂರು ವಾರ ಔಷಧಿ ತಗೊಂಡು ಗರ್ಭಕೋಶ ತಯಾರಾಗಬೇಕು. ಆದ್ರೆ ಅವಸರ ಮಾಡ್ಬೇಡಿ. ನಿಮಗೆ ಬೇಕಾ ಅಂತ ಮೊದಲು ಯೋಚನೆ ಮಾಡಿ" ಎಂದರು.

ನಿಮಗೆ ಬೇಕಾ. ಈ ಒಂದು ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ.

ಮೊಳಕಾಲ್ಮುರಿನಿಂದ ಅಣ್ಣ ಖಲಂದರ್ ಬಂದ. ಅಲ್ಲಿ ಬಸ್ ನಿಲ್ದಾಣದ ಎದುರು ಪಂಕ್ಚರ್ ಅಂಗಡಿ ಇಟ್ಟವನು. ವಿಷಯ ಕೇಳಿ ಅವನಿಗೆ ಸಿಟ್ಟು ಬಂತು. "ತಲೆ ಕೆಟ್ಟೈತಾ ನಿಮಗೆಲ್ಲ? ಸತ್ತವನಿಗೆ ಕೂಸು ಹುಟ್ಟುಸ್ತೀರಾ? ನಿನಗಿನ್ನೂ ಮೂವತ್ನಾಲ್ಕು. ನಾಳೆ ಇನ್ನೊಂದು ನಿಕಾಹ್ ಮಾಡೋಣ ಅಂದ್ರೆ ಯಾರು ಮಾಡ್ಕೋತಾರೆ?"

ಒಬ್ಬರಿಗೆ ಮೊಮ್ಮಗು ಬೇಕಿತ್ತು, ಇನ್ನೊಬ್ಬನಿಗೆ ತಂಗಿಯ ಮರುಮದುವೆ ಬೇಕಿತ್ತು. ಜೈತೂನ್ ಇಬ್ಬರಿಗೂ ಚಹಾ ಮಾಡಿಕೊಟ್ಟಳು.

ಹುಸೇನ್‌ಬಿಯೇ ಮೌಲಾನಾರನ್ನು ಕರೆಸಿದಳು. ಅವರು ಪಡಸಾಲೆಯಲ್ಲಿ ಕೂತರು. ಜೈತೂನ್ ಪರದೆಯ ಈಚೆ, ಅಡುಗೆಮನೆಯ ಹೊಸಿಲ ಹತ್ತಿರ ಕೂತಳು. ವಿಷಯವನ್ನು ಎಲ್ಲ ಕೇಳಿಸಿಕೊಂಡು ಅವರು, "ಇದು ನನ್ನ ಓದಿಗೆ ಮೀರಿದ್ದು. ದೊಡ್ಡವರನ್ನ ಕೇಳಿ ಹೇಳ್ತೀನಿ" ಎಂದು ಎದ್ದು ಹೋದರು. ಎರಡು ವಾರ ಬಿಟ್ಟು ಮತ್ತೆ ಬಂದರು. ಈ ಸಲ ಅವರ ದನಿ ಇನ್ನೂ ತಗ್ಗಿತ್ತು.

"ಅಮ್ಮಾ, ಶಾಸ್ತ್ರ ಓದಿದ ಬಹಳ ಜನ ಉಲಮಾಗಳು ಬೇಡ ಅಂತಾರೆ. ಸಾವಿನ ಜೊತೆಗೇ ನಿಕಾಹ್ ಮುಗೀತೈತೆ. ತಾಯಿ ಹೊಟ್ಟೆಗೆ ಬರೋಕೆ ಮುಂಚೆನೇ ತಂದೆ ಇಲ್ಲದಿದ್ರೆ, ಆ ಕೂಸಿನ ವಂಶ, ಆಸ್ತಿ ಹಕ್ಕು ಎಲ್ಲಾ ಗೊಂದಲಕ್ಕೆ ಬೀಳ್ತೈತೆ ಅಂತ."

ಪರದೆಯ ಈಚೆಯಿಂದ ಜೈತೂನ್ ಕೇಳಿದಳು: "ಅವತ್ತು ನೀರು ಹಾಕಬಹುದು ಅಂದ್ರಿ. ಇದ್ದತ್ ಮುಗಿಯೋವರೆಗೂ ಸಂಬಂಧ ಐತೆ ಅಂದ್ರಿ. ನೀರು ಹಾಕೋಕೆ ಇರೋ ಸಂಬಂಧ ಇದಕ್ಕೆ ಇಲ್ವಾ?"

ಅವಳು ವಾದಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದಳು. ಮೌಲಾನಾರಿಗೂ ಅದು ತಿಳಿಯಿತು.

"ಅದೇ ಮಾತು ಹಿಡಿದು ಕೆಲವರು, ಬಹಳ ಕಮ್ಮಿ ಜನ, ಇದ್ದತ್ ಒಳಗಡೆ ಆದ್ರೆ ಆಗಬಹುದು ಅಂದಿದಾರೆ. ನಿನ್ನ ಹತ್ರ ಮುಚ್ಚಿಡೋದಿಲ್ಲ. ಆದ್ರೆ ಬಹಳಷ್ಟು ಜನ ಒಪ್ಪಲ್ಲ. ನೀರು ಹಾಕೋದು ಬೀಳ್ಕೊಡೋಕೆ, ಇದು ಹೊಸದಾಗಿ ಶುರು ಮಾಡೋಕೆ ಅಂತಾರೆ. ನನ್ನ ಕೇಳಿದ್ರೆ ನಾನು ಬೇಡ ಅಂತೀನಿ."

"ಅವು ಮಕ್ಕಳಾ ಹಜರತ್?"

ಮೌಲಾನಾ ತಡವರಿಸಿದರು. "ಜೀವ ತುಂಬೋ ರೂಹು ಇನ್ನೂ ಬಂದಿಲ್ಲ ಅವಕ್ಕೆ. ರೂಹು ಬರೋದು ತಾಯಿ ಹೊಟ್ಟೆಯೊಳಗೆ, ತಿಂಗಳುಗಳು ಕಳೆದ ಮೇಲೆ. ಹಂಗಾಗಿ ಹೆಸರಿಲ್ಲ, ಸತ್ತವರಿಗೆ ಮಾಡೋ ಜನಾಜಾ ಇಲ್ಲ. ಬಿಟ್ಟುಬಿಟ್ರೆ ಕೊಲೆ ಅಂತ ಆಗಲ್ಲ. ಆ ಭಯ ನಿನಗೆ ಬೇಡ."

ಅವರು ಎದ್ದು ಹೋದ ಮೇಲೆ ಹುಸೇನ್‌ಬಿಯ ಮುಖದಲ್ಲಿ ಬೇರೆಯೇ ಕಳೆ ಬಂದಿತ್ತು. ಇಡೀ ಮಾತಿನಲ್ಲಿ ಅವಳು ಹಿಡಿದುಕೊಂಡಿದ್ದು ಒಂದನ್ನೇ. "ಇದ್ದತ್ ಒಳಗಡೆ ಆಗಬಹುದು ಅಂದ್ರಲ್ಲ! ಕೆಲವರು ಅಂದಿದಾರಂತೆ. ಟೈಮ್ ಐತೆ ಬೇಟಿ. ಔಷಧಿ ಶುರು ಮಾಡು. ಆಸ್ಪತ್ರೆಗೆ ಹೋಗೋಕೆ ಇದ್ದತ್ತಿನಾಗೂ ಬಿಡ್ತಾರೆ."

ಜೈತೂನ್ ದೇವರಿಂದ ದಾರಿ ಬೇಡುವ ಇಸ್ತಿಖಾರಾ ನಮಾಜು ಮಾಡಿದಳು. ಒಂದು ದಿನವಲ್ಲ, ಎಷ್ಟೋ ದಿನ ಮಾಡಿದಳು. ಕನಸು ಬೀಳಬಹುದು, ಮನಸ್ಸು ಒಂದು ಕಡೆ ವಾಲಬಹುದು ಎಂದು ಹಿರಿಯರು ಹೇಳಿದ್ದರು. ಕನಸು ಬೀಳಲಿಲ್ಲ. ಮನಸ್ಸು ಬೆಳಗ್ಗೆ ಒಂದು ಕಡೆ ವಾಲಿದರೆ ಮಧ್ಯಾಹ್ನಕ್ಕೆ ಇನ್ನೊಂದು ಕಡೆ ವಾಲುತ್ತಿತ್ತು. ನಮಾಜಿನ ಹಾಸು ಮುಸಲ್ಲಾದ ಮೇಲೆ ಕೂತಾಗ ಪಕ್ಕದ ಎಣ್ಣೆಗಾಣದಿಂದ ಬರುವ ಕಡಲೆಹಿಂಡಿಯ ವಾಸನೆ ಬಿಟ್ಟರೆ ಬೇರೇನೂ ಅವಳ ಹತ್ತಿರ ಬರಲಿಲ್ಲ. ಇಷ್ಟು ದೊಡ್ಡ ಮಾತಿಗೆ ತನ್ನೊಬ್ಬಳನ್ನೇ ಬಿಟ್ಟಿದ್ದಾರೆ ಅನಿಸುತ್ತಿತ್ತು. ಗಂಡನ ಮೇಲೂ ಸಿಟ್ಟು ಬರುತ್ತಿತ್ತು. ಅವಳಿಷ್ಟ ಎಂದು ಎಷ್ಟು ಸುಲಭವಾಗಿ ಹೇಳಿಬಿಟ್ಟಿದ್ದ!

ಒಂದು ಬೆಳಗ್ಗೆ ಇಬ್ಬರೂ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದರು. ಹುಸೇನ್‌ಬಿ ಮತ್ತೆ ಅದೇ ಮಾತು ತೆಗೆದಳು. ಜೈತೂನ್ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

"ಅಮ್ಮಿ, ನಾನು ಹೋಗಲ್ಲ."

"ಯಾಕೆ? ಅಣ್ಣ ತಲೆ ತುಂಬುಸಿದ್ನಾ?"

"ಅಣ್ಣನ ಮಾತಲ್ಲ. ಅವತ್ತು ದಾವಣಗೆರೆಯಾಗೆ ನಿಮ್ಮ ಮಗ ಏನು ಮಾಡಿದ್ರು ಗೊತ್ತಾ? ಸ್ಯಾಂಪಲ್ ಡಬ್ಬಿ ಮೇಲೆ ಹೆಸರು ತಪ್ಪು ಬರೆದಿದ್ರು, ದಸ್ತಗಿರಿ ಅಂತ. ತಿದ್ದೋವರೆಗೂ ಲ್ಯಾಬ್ ಬಾಗಿಲು ಬಿಟ್ಟು ಅಲ್ಲಾಡ್ಲಿಲ್ಲ. ಲ್ಯಾಬಿನ ಹುಡುಗಿ ನಕ್ಕಿದ್ಲು, ಒಂದಕ್ಷರಕ್ಕೆ ಇಷ್ಟಾ ಅಂತ. ಇವರು ಏನಂದ್ರು? ನಾಳೆ ನನ್ನ ಕೂಸಿನ ಮೇಲೆ ಯಾರೂ ಒಂದು ಬೆರಳು ತೋರಿಸಬಾರ್ದು ತಾಯಿ ಅಂದ್ರು. ಈಗ ನಾನು ಹೆತ್ರೆ, ಹುಟ್ಟೋಕೆ ಮುಂಚೆನೇ ಅದರ ಮೇಲೆ ಹತ್ತು ಬೆರಳು. ದೊಡ್ಡ ದೊಡ್ಡ ಓದಿದವರೇ ಇವನು ಯಾರ ಮಗ, ಹಕ್ಕು ಐತೋ ಇಲ್ವೋ ಅಂತ ಎರಡು ಮಾತಾಡ್ತಾರೆ. ನಾಳೆ ಅದು ಬಂದು ಅವ್ವಾ ಯಾವುದು ಸರಿ ಅಂತ ಕೇಳಿದ್ರೆ, ನನಗೇ ಗೊತ್ತಿಲ್ಲ."

"ನಾನೈದೀನಲ್ಲ ಹೇಳೋಕೆ! ನನ್ನ ಮಗನ ಮಗ ಅಂತ ಚಳ್ಳಕೆರೆ ತುಂಬ ಹೇಳ್ತೀನಿ."

"ನೀವು ಎಷ್ಟು ದಿನ ಇರ್ತೀರಿ ಅಮ್ಮಿ?"

ಮಾತು ಜಾರಿ ಹೋಗಿತ್ತು. ಹುಸೇನ್‌ಬಿ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಅಲ್ಲೇ ಸುರಿದಳು. ನಂತರ ಗೋಡೆ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲಿಳಿದು ಹೋದಳು. ಅಂದಿನಿಂದ ಅವಳು ಸೊಸೆಯೊಂದಿಗೆ ಮಾತು ನಿಲ್ಲಿಸಿದಳು. ಅಡುಗೆ ಮಾಡಿದರೆ ತಿನ್ನುತ್ತಿದ್ದಳು, ಮಾಡದಿದ್ದರೆ ಕೇಳುತ್ತಿರಲಿಲ್ಲ. ಒಂದೇ ಗೋಡೆಯ ಆಚೆ ಈಚೆ ಇಬ್ಬರೂ ಒಬ್ಬನೇ ಮನುಷ್ಯನಿಗಾಗಿ ಅಳುತ್ತಿದ್ದರು, ಬೇರೆ ಬೇರೆಯಾಗಿ.

ಜೈತೂನ್ ಅತ್ತೆಗೆ ಹೇಳದೇ ಉಳಿದ ಇನ್ನೊಂದು ಮಾತಿತ್ತು. ಅವಳಿಗೆ ಬೇಕಾಗಿದ್ದು ದಸ್ತಗೀರ್. ಮೊದಲ ಸಲ ನಿಲ್ಲದೇ ಹೋದಾಗ ದಾವಣಗೆರೆಯಿಂದ ವಾಪಸ್ಸು ಬರುವ ಬಸ್ಸಿನಲ್ಲಿ ಅವನು ದಾರಿಯುದ್ದಕ್ಕೂ ಅವಳ ಕೈ ಹಿಡಿದುಕೊಂಡು ಏನೇನೋ ಹರಟಿದ್ದ. ಆ ಕೈ ಇಲ್ಲದೆ ಆ ಆಸ್ಪತ್ರೆಯ ಮಂಚದ ಮೇಲೆ ಮಲಗುವುದು ಅವಳಿಂದ ಆಗುವಂತಿರಲಿಲ್ಲ. ಇದು ಧರ್ಮದ ಕಾರಣವಲ್ಲ, ಯಾರ ಮುಂದೆಯೂ ಇಡುವಂಥದ್ದಲ್ಲ ಎಂದು ಅವಳೇ ನುಂಗಿಕೊಂಡಳು.

ಇದ್ದತ್ ಮುಗಿದ ವಾರದಲ್ಲಿ ಜೈತೂನ್ ಒಬ್ಬಳೇ ದಾವಣಗೆರೆಗೆ ಹೋದಳು. ಡಾಕ್ಟರ್ ಮೇಘಾ ಎದ್ದು ಬಂದು ಅವಳ ಪಕ್ಕದ ಕುರ್ಚಿಯಲ್ಲೇ ಕೂತರು.

"ಸಂಶೋಧನೆಗೆ ಕೊಡಬಹುದಮ್ಮ. ಮುಂದೆ ನಿಮ್ಮಂಥ ಬೇರೆಯವರಿಗೆ ಉಪಯೋಗ ಆಗುತ್ತೆ. ಬಲವಂತ ಏನಿಲ್ಲ."

ಇದನ್ನು ಜೈತೂನ್ ಮೌಲಾನಾರ ಹತ್ತಿರ ಕೇಳಿರಲಿಲ್ಲ. ಹೀಗೂ ಒಂದು ಪ್ರಶ್ನೆ ಬರಬಹುದೆಂದು ಹೊಳೆದಿರಲಿಲ್ಲ. ಫೋನು ಕೈಗೆತ್ತಿಕೊಂಡಳು, ಮತ್ತೆ ಚೀಲದಲ್ಲಿ ಹಾಕಿದಳು. ಪ್ರತಿಯೊಂದಕ್ಕೂ ಇನ್ನೊಬ್ಬರನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

"ಬೇಡ ಮೇಡಂ. ಅದು ತಪ್ಪು ಅಂತ ಅಲ್ಲ. ಅವು ನಮ್ಮಿಬ್ಬರವು. ಹಂಗೇ ಇರ್ಲಿ."

ಇನ್ನು ಇಡುವುದು ಬೇಡ, ತೆಗೆದುಬಿಡಿ ಎಂಬ ಕಾಗದಕ್ಕೆ ಸಹಿ ಹಾಕಿದಳು. ಆಮೇಲೆ, "ನನ್ನ ಕೈಗೆ ಕೊಡ್ತೀರಾ? ಮಣ್ಣು ಮಾಡ್ತೀನಿ" ಎಂದು ಕೇಳಿದಳು.

ಡಾಕ್ಟರ್ ಮೇಘಾ ಅವಳ ಕೈ ಮೇಲೆ ಕೈಯಿಟ್ಟರು. "ಕೈಗೆ ಕೊಡೋಷ್ಟು ಏನೂ ಇರಲ್ಲಮ್ಮ. ಕಣ್ಣಿಗೂ ಕಾಣಲ್ಲ. ನಿಯಮನೂ ಬಿಡಲ್ಲ."

"ಹಂಗಾದ್ರೆ ತೆಗೆಯೋವಾಗ ನಾನು ಹತ್ರ ಇರ್ಲಾ?"

ಅದಕ್ಕೆ ಅವರು ಒಪ್ಪಿದರು. ಲ್ಯಾಬಿನ ಹೊರಗೆ ಒಂದು ಕುರ್ಚಿ ಹಾಕಿಸಿದರು. ಗಾಜಿನ ಕಿಟಕಿಯಿಂದ ಟ್ಯಾಂಕು ಕಾಣುತ್ತಿತ್ತು, ಹಾಲಿನ ದೊಡ್ಡ ಕ್ಯಾನಿನ ಹಾಗೆ. ಮುಚ್ಚಳ ತೆಗೆದಾಗ ಬಿಳಿ ಹೊಗೆ ಎದ್ದು ನೆಲದ ಮೇಲೆಲ್ಲ ಹರಡಿತು. ಜೈತೂನ್ ಸೆರಗನ್ನು ತಲೆ ಮೇಲೆ ಸರಿಯಾಗಿ ಎಳೆದುಕೊಂಡು ಕೈಗಳನ್ನು ಬೊಗಸೆಯಾಗಿ ಎತ್ತಿದಳು. ಯಾವ ದುವಾ ಓದಬೇಕು? ಸತ್ತವರಿಗೆ ಒಂದಿದೆ, ಆದರೆ ಇವು ಸತ್ತವರಲ್ಲ. ಹುಟ್ಟಿದ ಮಕ್ಕಳ ಕಿವಿಯಲ್ಲಿ ಹೇಳುವುದೊಂದಿದೆ, ಇವು ಹುಟ್ಟಿದವೂ ಅಲ್ಲ. ಬೊಗಸೆ ಹಿಡಿದುಕೊಂಡು ಸುಮ್ಮನೆ ಕೂತಳು.

ಒಳಗಿನಿಂದ ಹುಡುಗಿಯೊಬ್ಬಳು ಬಂದು, "ಆಯ್ತಮ್ಮ" ಎಂದಳು.

ಜೈತೂನ್ ಅಂಗೈಗಳಿಂದ ಮುಖ ಸವರಿಕೊಂಡು ಎದ್ದಳು. ಹೊರಗೆ ಬಿಸಿಲಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು, "ಆಸ್ಪತ್ರೆಗಾ? ಯಾರಿಗೆ ಹುಷಾರಿಲ್ಲ?" ಎಂದು ವಿಚಾರಿಸಿದಳು. "ಯಾರಿಗೂ ಏನೂ ಇಲ್ಲ" ಎಂದು ಹೇಳಿ ಕಿಟಕಿಯ ಕಡೆ ತಿರುಗಿದಳು.

ಅದಾದ ಮೇಲೆ ಚಳ್ಳಕೆರೆಯ ಮನೆ ಹೆಚ್ಚು ದಿನ ಉಳಿಯಲಿಲ್ಲ. ಬಳ್ಳಾರಿಯಲ್ಲಿದ್ದ ಮಗಳು ಬಂದು ಹುಸೇನ್‌ಬಿಯನ್ನು ಕರೆದುಕೊಂಡು ಹೋದಳು. ಹೊರಡುವಾಗ ಅತ್ತೆ ಸೊಸೆಯ ತಲೆ ಮುಟ್ಟಿದಳು. ಜೈತೂನ್ ಮೊಳಕಾಲ್ಮುರಿಗೆ ವಾಪಸ್ಸಾದಳು. ಅಣ್ಣನ ಮನೆಗಲ್ಲ. ಅಲ್ಲಿ ವಾರಕ್ಕೊಂದು ಸಂಬಂಧದ ಸುದ್ದಿ ಬರುತ್ತಿತ್ತು. ಗೋವಿಂದಮ್ಮನ ಮನೆಯ ಹಿಂದೆ ಹಳೆಯ ಮಗ್ಗದ ಕೋಣೆಯೊಂದು ಖಾಲಿ ಬಿದ್ದಿತ್ತು. ಅದನ್ನು ಸಾರಿಸಿಕೊಂಡು ಅಲ್ಲೇ ಇದ್ದಳು. ಮಗ್ಗದ ಗುಂಡಿಯನ್ನು ಮುಚ್ಚಿಸಿ ಅದರ ಮೇಲೆ ಚಾಪೆ ಹಾಸಿಕೊಂಡು ಕುಚ್ಚು ಕಟ್ಟುತ್ತಿದ್ದಳು.

ಬೀದಿಯಲ್ಲಿ ಎಲ್ಲರೂ ಒಳ್ಳೆಯವರೇ. ಗಂಡ ಸತ್ತವಳೆಂದು ಕನಿಕರ ತೋರಿಸುತ್ತಿದ್ದರು. ಆದರೆ ಆ ಎರಡರ ದುಃಖಕ್ಕೆ ಕನಿಕರ ತೋರಿಸುವವರು ಯಾರೂ ಇರಲಿಲ್ಲ, ಯಾಕೆಂದರೆ ಅದಕ್ಕೊಂದು ಹೆಸರಿರಲಿಲ್ಲ. ಗರ್ಭ ಇಳಿದವಳಿಗೆ ಬಾಣಂತಿಯ ಕಷಾಯವನ್ನಾದರೂ ಕೊಡುತ್ತಾರೆ. ಇವಳಿಗೆ ಅದೂ ಇಲ್ಲ. ಒಮ್ಮೆ ಮಾತ್ರ ಗೋವಿಂದಮ್ಮನ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ಮುದುಕಿ ಎಳೆ ಬಿಡಿಸುತ್ತಿದ್ದ ಕೈ ನಿಲ್ಲಿಸದೆ ಕೊನೆತನಕ ಕೇಳಿದಳು.

"ಅಯ್ಯೋ ತಲ್ಲೀ" ಎಂದಳು ತೆಲುಗಿನಲ್ಲಿ, ಅಯ್ಯೋ ತಾಯಿ ಎನ್ನುವ ಹಾಗೆ. ಆಮೇಲೆ, "ನನಗೆ ಈ ಡಾಕ್ಟರ ಕತೆ ಅರ್ಥ ಆಗಲ್ಲ. ನಿಮ್ಮ ಶಾಸ್ತ್ರನೂ ತಿಳಿಯಲ್ಲ. ನೀನು ಊಟ ಮಾಡಿದ್ಯಾ ಇವತ್ತು?" ಎಂದು ಕೇಳಿದಳು.

"ಇಲ್ಲ."

"ಪಪ್ಪು ಮಾಡಿದೀನಿ, ಬಾ."

ಜೈತೂನ್ ಹೋಗಿ ಅನ್ನಕ್ಕೆ ಬೇಳೆಯ ಪಪ್ಪು ಕಲಸಿಕೊಂಡು ಉಂಡಳು. ಮತ್ತೆಂದೂ ಅದರ ಬಗ್ಗೆ ಮಾತಾಡಲಿಲ್ಲ. ಗೋವಿಂದಮ್ಮನೂ ಕೇಳಲಿಲ್ಲ.

ಈಗ ಎರಡು ವರ್ಷ ಕಳೆದಿದೆ. ಖಲಂದರ್ ಸಂಬಂಧ ನೋಡುವುದನ್ನು ಬಿಟ್ಟಿದ್ದಾನೆ, ಅಥವಾ ಹೇಳುವುದನ್ನು ಬಿಟ್ಟಿದ್ದಾನೆ. ತನ್ನ ನಿರ್ಧಾರ ಸರಿಯೋ ತಪ್ಪೋ ಎಂದು ಜೈತೂನ್ ಯಾರನ್ನೂ ಕೇಳುವುದಿಲ್ಲ. ಕೆಲವು ದಿನ ಸರಿ ಅನಿಸುತ್ತದೆ. ಬೀದಿಯಲ್ಲಿ ಮಕ್ಕಳು ಗಲಾಟೆ ಮಾಡುವ ಸಂಜೆಗಳಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಾಳೆ.

ಹುಸೇನ್‌ಬಿ ಹಬ್ಬಕ್ಕೆ ಹಬ್ಬಕ್ಕೆ ಫೋನು ಮಾಡುತ್ತಾಳೆ. ಮಂಡಿ ನೋವು, ಬಳ್ಳಾರಿಯ ಸೆಕೆ, ಮಗಳ ಮನೆಯ ನೀರಿನ ತಾಪತ್ರಯ, ಇಷ್ಟೇ ಮಾತು. ಈ ಸಲದ ಬಕ್ರೀದ್ ಕಳೆದ ಮಾರನೆಯ ದಿನ ಮಧ್ಯಾಹ್ನ ಫೋನು ಬಂತು. ಹಬ್ಬ ಹೇಗಾಯಿತು ಎಂದು ವಿಚಾರಿಸಿದಳು. ಮಾಂಸದ ಖುರ್ಮಾ ಮಾಡಿದ್ಯಾ ಎಂದು ಕೇಳಿದಳು. ಮಾತು ಮುಗಿದ ಮೇಲೂ ಫೋನು ಇಡಲಿಲ್ಲ.

"ಬೇಟಿ, ಒಂದು ಕೇಳ್ಲಾ?"

"ಕೇಳಿ ಅಮ್ಮಿ."

"ಅವತ್ತು... ಹೊರಗೆ ತೆಗೆದ್ರಲ್ಲ. ಅವಕ್ಕೆ ನೋವಾಯ್ತಾ?"

ಜೈತೂನಳ ಮಡಿಲಲ್ಲಿ ಯಾರದೋ ಮದುವೆಯ ಸೀರೆಯ ಸೆರಗಿತ್ತು. ಅದನ್ನು ಪಕ್ಕಕ್ಕೆ ಸರಿಸಿದಳು.

"ಇಲ್ಲ ಅಮ್ಮಿ. ನಾನು ಅಲ್ಲೇ ಇದ್ದೆ."

"ನೀನು ಇದ್ಯಾ?"

"ಹೂಂ. ಬಾಗಿಲ ಹತ್ರಾನೇ ಕೂತಿದ್ದೆ."

"ಒಳ್ಳೇದಾಯ್ತು" ಎಂದಳು ಹುಸೇನ್‌ಬಿ. ಆಮೇಲೆ ಏನೋ ಹೇಳಲು ಹೊರಟು, "ಮಂಡಿಗೆ ಎಣ್ಣೆ ಹಚ್ಕೋಬೇಕು, ಇಡ್ತೀನಿ" ಎಂದು ಇಟ್ಟುಬಿಟ್ಟಳು.

ಜೈತೂನ್ ಫೋನನ್ನು ಚಾಪೆಯ ಮೇಲಿಟ್ಟಳು. ಗೋಡೆಯಾಚೆ ಗೋವಿಂದಮ್ಮನ ಮನೆಯ ಮಗ್ಗ ಶುರುವಾಯಿತು. ಸಂಜೆಯೊಳಗೆ ಸೀರೆ ಕೊಡಬೇಕಿತ್ತು. ಅವಳು ಸೆರಗನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು.